ಅತ್ತೆಯ ಹೂವು, ಮಾವನ ಸ್ತೂಪ

ನಮ್ಮ ಮಾವನಿಗೆ ಒರಟು ಕಲ್ಲು ಕಂಡರೆ ಆಗುತ್ತಿರಲಿಲ್ಲ. ನಮ್ಮ ಅತ್ತೆಗೆ ನುಣುಪು ಕಲ್ಲು ಕಂಡರೆ ಆಗುತ್ತಿರಲಿಲ್ಲ. ಇಬ್ಬರೂ ಕಲ್ಲಿನಿಂದಲೇ ಹೊಟ್ಟೆ ಹೊರೆದವರು, ಆದರೆ ಒಬ್ಬರದು ಉಜ್ಜುವ ಕೆಲಸ, ಇನ್ನೊಬ್ಬರದು ಕುಟ್ಟುವ ಕೆಲಸ. ಮದುವೆಯಾಗಿ ಭೀಮಾ ನದಿಯ ದಂಡೆಯಿಂದ ಮುಂಬೈ ಕಡೆಯ ಕಲ್ಯಾಣದ ಹತ್ತಿರ ವಿಠ್ಠಲವಾಡಿಯ ಚಾಳಿಗೆ ಬಂದ ಹೊಸತರಲ್ಲಿ ಇವರ ಜಗಳ ನನಗೆ ಅರ್ಥವೇ ಆಗುತ್ತಿರಲಿಲ್ಲ. ಬಚ್ಚಲಿನ ಮುಂದೆ ಬಟ್ಟೆ ಒಗೆಯುವ ಒಂದು ಕಲ್ಲಿತ್ತು. ಮಾವ ಅದನ್ನು ಉಜ್ಜಿ ಉಜ್ಜಿ ಮುಖ ಕಾಣುವಂತೆ ಮಾಡಿದ್ದರು. ಅತ್ತೆ ಅದರ ಮೇಲೆ ಕಾಲು ಜಾರಿ ಬಿದ್ದು, ಎದ್ದವರೇ ಉಳಿ ಸುತ್ತಿಗೆ ತಂದು ಅದನ್ನು ಕುಟ್ಟಿ ಒರಟು ಮಾಡಿದರು. ಭಾನುವಾರ ಬಂತು, ಮಾವ ಮತ್ತೆ ಉಜ್ಜಿದರು. ನಾನು ಆ ಮನೆಗೆ ಕಾಲಿಡುವ ಹೊತ್ತಿಗೆ ಆ ಕಲ್ಲು ಸವೆದು ಅರ್ಧ ಉಳಿದಿತ್ತು.

ಮಾವ ಲಾದಿ ಹಾಸುವವರು. ಶಹಾಬಾದ್ ಫರಸಿ ಕಲ್ಲನ್ನು ಈ ಕಡೆ ಲಾದಿ ಎನ್ನುತ್ತಾರೆ. ಡೊಂಬಿವಲಿಯಿಂದ ಠಾಣೆಯ ನೌಪಾಡಾದವರೆಗೆ ಎಷ್ಟೋ ಅಡುಗೆ ಮನೆಗಳಲ್ಲಿ ಅವರು ಹಾಸಿದ ಕಲ್ಲಿನ ಮೇಲೆ ಜನ ಓಡಾಡುತ್ತಿದ್ದರು. ಅತ್ತೆ ಟಾಕಿ ಹಾಕುವವರು. ಮಸಾಲೆ ಅರೆಯುವ ಪಾಟಾ ಕಲ್ಲು ಸವೆದು ನುಣುಪಾದರೆ ಅದರ ಮೇಲೆ ಖಾರ ಜಾರುತ್ತದೆ, ಸಣ್ಣಗಾಗುವುದಿಲ್ಲ. ಆಗ ಉಳಿಯಿಂದ ಸಣ್ಣ ಸಣ್ಣ ಚುಕ್ಕೆ ಹೊಡೆದು ಕಲ್ಲನ್ನು ಮತ್ತೆ ಒರಟು ಮಾಡಬೇಕು. ಅತ್ತೆ ಹೆಗಲಿಗೆ ಚೀಲ ಹಾಕಿಕೊಂಡು ಲೋಕಲ್ ಹತ್ತಿ ಠಾಣೆಯಲ್ಲಿ ಇಳಿದು, ಕಳವಾ, ದಿಘಾ, ರಬಾಳೆ ಅಂತ ಓಣಿ ಓಣಿ ತಿರುಗಿ "ಟಾಕೀಯೇ... ಪಾಟ್ಯಾಲಾ ಟಾಕೀ..." ಎಂದು ಕೂಗುತ್ತಿದ್ದರಂತೆ. ಚುಕ್ಕೆ ಹೊಡೆದು ಮುಗಿದ ಮೇಲೆ ಪಾಟಾದ ತಲೆಯ ಕಡೆ ಒಂದು ಹೂವು ಕೊರೆಯುತ್ತಿದ್ದರು. ಎಂಟು ದಳ, ನಡುವೆ ಒಂದು ಗುಂಡು. ಯಾರೂ ಕೇಳದಿದ್ದ ಹೂವು ಅದು, ಅವರ ಖುಷಿಗೆ ಅವರು ಹಾಕುತ್ತಿದ್ದದ್ದು. ಆಮೇಲೆ ಮನೆ ಮನೆಗೂ ಮಿಕ್ಸರ್ ಬಂತು. ಅತ್ತೆಯ ಉಳಿ ಸುತ್ತಿಗೆ ಚೀಲದ ಸಮೇತ ಮಂಚದ ಕೆಳಗಿನ ಟ್ರಂಕು ಸೇರಿದವು. ನಮ್ಮ ಮನೆಗೂ ಮಿಕ್ಸರ್ ಬಂದ ದಿನ ಅತ್ತೆ ಊಟ ಮಾಡಲಿಲ್ಲ, ಹೊಟ್ಟೆ ಸರಿಯಿಲ್ಲ ಎಂದರು.

ತೊಂಬತ್ತರ ದಶಕ ಅರ್ಧ ಕಳೆದಿದ್ದಾಗ ನನ್ನ ನಾದಿನಿಗೆ ಗಂಡು ಗೊತ್ತಾಯಿತು. ಗೊತ್ತಾಯಿತು ಎನ್ನುವುದಕ್ಕಿಂತ, ಅವಳೇ ಗೊತ್ತು ಮಾಡಿಕೊಂಡಳು. ರಬಾಳೆಯ ಔಷಧಿ ಕಂಪನಿಯಲ್ಲಿ ಅವಳು ಪ್ಯಾಕಿಂಗ್‌ಗೆ ಹೋಗುತ್ತಿದ್ದಳು, ಹುಡುಗ ಅಲ್ಲೇ ಮಷೀನ್ ಆಪರೇಟರ್. ನಮ್ಮ ಹಾಗೆಯೇ ಬುದ್ಧನಿಗೆ ನಡೆದುಕೊಳ್ಳುವ ಮರಾಠಿ ಮನೆತನ. ನಾದಿನಿ ಇಲ್ಲೇ ಹುಟ್ಟಿ ಬೆಳೆದವಳು. ನಾವು ಕನ್ನಡದಲ್ಲಿ ಬೈದರೂ ಕರೆದರೂ ಅವಳಿಗೆ ತಿಳಿಯುತ್ತಿತ್ತು, ಉತ್ತರ ಮಾತ್ರ ಹಿಂದಿಯಲ್ಲಿ ಇಲ್ಲವೇ ಮರಾಠಿಯಲ್ಲಿ.

ಮಾತುಕತೆಗೆಂದು ಮಾವ, ಅತ್ತೆ, ನಾನು, ನನ್ನ ಗಂಡ ರಬಾಳೆಗೆ ಹೋದೆವು. ಬೀಗಿತ್ತಿ, ಅಂದರೆ ಹುಡುಗನ ತಾಯಿ, ಮೆತ್ತಗಿನ ಹೆಂಗಸು. ನಮ್ಮನ್ನು ಅಡುಗೆ ಮನೆಗೆ ಕರೆದು ಚಹಾ ಮಾಡತೊಡಗಿದರು. ಅಲ್ಲಿ ಗೋಡೆಗೆ ಒರಗಿಸಿ ಇಟ್ಟಿದ್ದ ಪಾಟಾ ನನ್ನ ಕಣ್ಣಿಗೆ ಬಿತ್ತು. ಅದರ ತಲೆಯ ಕಡೆ ಎಂಟು ದಳದ ಹೂವು. ಸವೆದು ಮಸುಕಾಗಿತ್ತು, ಆದರೂ ಅದು ಯಾರ ಕೈ ಎಂಬುದರಲ್ಲಿ ಸಂಶಯವೇ ಇರಲಿಲ್ಲ. ನಾನು ಬಾಯಿ ತೆಗೆಯುವಷ್ಟರಲ್ಲಿ ಅತ್ತೆ ಸರಕ್ಕನೆ ಆ ಕಲ್ಲಿಗೆ ಬೆನ್ನು ಕೊಟ್ಟು ಕುಳಿತರು, ಸೆರಗು ಹರವಿ ಅದನ್ನು ಮುಚ್ಚಿಯೇಬಿಟ್ಟರು. ಕಾರಣ ನನಗೆ ಗೊತ್ತಿತ್ತು. ತಾಯಿ ಮನೆಯಲ್ಲೇ ಇರುತ್ತಾಳೆ, ಎಲ್ಲೂ ಕೆಲಸಕ್ಕೆ ಹೋದವಳಲ್ಲ ಎಂದು ನಾದಿನಿ ಇವರಿಗೆ ಹೇಳಿದ್ದಳು. ಓಣಿಯಲ್ಲಿ ಕೂಗುತ್ತ ತಿರುಗಿದವಳ ಮಗಳು ಎನ್ನಿಸಿಕೊಳ್ಳಲು ಅವಳಿಗೆ ನಾಚಿಕೆ.

ಇತ್ತ ಹೊರಗಿನ ಕೋಣೆಯಲ್ಲಿ ಹುಡುಗನ ದೊಡ್ಡಪ್ಪ, ಮದುವೆ ತಮ್ಮ ವಿಹಾರದಲ್ಲೇ, ಅಂದರೆ ಬುದ್ಧನ ಮಂದಿರದಲ್ಲೇ ಆಗಲಿ ಎಂದು ಪಟ್ಟು ಹಿಡಿದಿದ್ದರು. ಅವರ ವಿಹಾರ ದೊಡ್ಡದು, ಫ್ಯಾನು ಮೈಕು ಎಲ್ಲ ಇದೆ. "ತುಮಚ್ಯಾಕಡೇ ಕಾಯ್ ಆಹೇ?" ಎಂದು ಕೇಳಿದರು, ನಿಮ್ಮ ಕಡೆ ಏನಿದೆ ಅಂತ. ನಮ್ಮ ಕಡೆ ಇದ್ದದ್ದು ತಗಡು ಹೊದಿಸಿದ ಒಂದು ಕೋಣೆ, ಅದರೊಳಗೆ ಹಲಗೆಯ ಮೇಲೆ ಬುದ್ಧನ ಒಂದು ಮೂರ್ತಿ. ಮಾವ ಮೀಸೆಯ ಮೇಲೆ ಕೈಯಾಡಿಸಿ, ತಮಗೆ ಬರುವ ಹಿಂದಿಯಲ್ಲಿ, "ವಿಹಾರ್ ಹೈ. ಸ್ತೂಪ್ ಭೀ ಹೈ" ಎಂದರು.

ಅಡುಗೆ ಮನೆಯಲ್ಲಿ ನನಗೆ ಚಹಾ ನೆತ್ತಿಗೇರಿತು.

"ಸ್ತೂಪ ಇದ್ದರೆ ನಿಮ್ಮಲ್ಲೇ ಆಗಲಿ, ನಾವೂ ನೋಡಿದ ಹಾಗಾಗುತ್ತದೆ" ಎಂದು ದೊಡ್ಡಪ್ಪ ಒಪ್ಪಿಬಿಟ್ಟರು. ಬುದ್ಧ ಪೂರ್ಣಿಮೆಗೆ ಮೊದಲಿನ ಭಾನುವಾರ ಗೊತ್ತಾಯಿತು. ಬಸ್ಸಿನಲ್ಲಿ ಠಾಣೆಗೆ ಬಂದೆವು. ಕಲ್ಯಾಣದ ಕಡೆಯ ಗಾಡಿ ಹತ್ತಿ ಕುಳಿತ ಮೇಲೆ ಅತ್ತೆ ಶುರು ಮಾಡಿದರು.

"ಸ್ತೂಪ ಎಲ್ಲದ ರೀ ನಮ್ಮಲ್ಲಿ?"

"ಕಟ್ಟಿದ್ರ ಇರ್ತದ."

"ನೀವು ಸ್ತೂಪ ಎಲ್ಲರ ನೋಡೀರೇನು?"

"ಕ್ಯಾಲೆಂಡರ್ದಾಗ ನೋಡೀನಿ."

ಇಷ್ಟು ಹೇಳಿ ಮಾವ ಕಿಟಕಿಯ ಹೊರಗೆ ನೋಡತೊಡಗಿದರು. ನಾನು ಅತ್ತೆಯ ಕಿವಿಯಲ್ಲಿ "ಪಾಟಾ ನೋಡಿದೆ" ಎಂದೆ. ಅವರು ತುಟಿಯ ಮೇಲೆ ಬೆರಳಿಟ್ಟರು. ಆ ಬೆರಳಿನ ಹಿಂದೆ ಸಣ್ಣ ನಗುವೂ ಇತ್ತು.

ಮುಂದಿನ ಭಾನುವಾರ ಸ್ತೂಪ ನೋಡಿ ಬರಲು ಹಳೆಯ ಬೌದ್ಧ ಗುಹೆಗಳಿರುವ ಕಾನ್ಹೇರಿಗೆ ಹೊರಟೆವು. ಠಾಣೆಯಿಂದ ಬೊರಿವಲಿಯ ಬಸ್ಸು, ಅಲ್ಲಿಂದ ಗುಡ್ಡ. ರೊಟ್ಟಿ, ಶೇಂಗಾ ಹಿಂಡಿ, ಪುಂಡಿ ಪಲ್ಯ ಕಟ್ಟಿಕೊಂಡಿದ್ದೆವು. ಮಾವನ ಜೇಬಿನಲ್ಲಿ ಅಳತೆಯ ಟೇಪು, ದಾರದ ಉಂಡೆ. ನಾದಿನಿಯೂ ಬಂದಿದ್ದಳು. ಅಪ್ಪ ಏನು ಮಾಡಿಯಾರೋ ಎಂಬ ಹೆದರಿಕೆ ಅವಳಿಗೆ.

ದೊಡ್ಡ ಗುಹೆಯ ಬಾಗಿಲಲ್ಲಿ ಗೋಡೆಗೆ ಕೊರೆದ ಗಂಡ ಹೆಂಡಿರ ಜೋಡಿಗಳಿವೆ. ಆಳೆತ್ತರಕ್ಕಿಂತ ದೊಡ್ಡವು, ಕಿವಿಗೆ ಭಾರದ ಒಡವೆ, ಸೊಂಟಕ್ಕೆ ಡಾಬು. ಮಾವ ನಿಂತು ನೋಡಿದರು. "ನೋಡು, ಗಂಡ ಹೆಂಡ್ತಿ ಹೆಂಗ ಜಗಳಾಡಲಾರ್ದ ನಿಂತಾರ" ಎಂದರು. ಅತ್ತೆ ತಡಮಾಡಲಿಲ್ಲ. "ಕಲ್ಲಾದ ಮ್ಯಾಲ ಯಾರ ಜಗಳಾಡ್ತಾರ?"

ಒಳಗೆ ತಂಪು. ಎರಡೂ ಕಡೆ ಕಂಬಗಳ ಸಾಲು, ಕೆಲವು ಕಂಬಗಳ ತಲೆಯ ಮೇಲೆ ಆನೆಗಳು, ಕೈ ಮುಗಿದ ಜನ. ಸಾಲಿನ ಕೊನೆಗೆ ಅರೆಗತ್ತಲಲ್ಲಿ ಸ್ತೂಪ. ಅದರ ಮುಂದೆ ಹೋಗಿ ನಿಂತೆವು. ಮೂರ್ತಿಯಿಲ್ಲ, ಮುಖವಿಲ್ಲ, ಕಣ್ಣಿಲ್ಲ. ಗುಂಡನೆಯ ಕಲ್ಲು ಸುಮ್ಮನೆ ಕೂತಿದೆ, ನಮ್ಮನ್ನೂ ಸುಮ್ಮನಾಗಿಸುತ್ತದೆ. ನನಗಂತೂ ಮನಸ್ಸು ತುಂಬಿ ಬಂತು.

ಮಾವನಿಗೆ ಸುಮ್ಮನಿರುವುದು ಎಲ್ಲಿ ಬರುತ್ತದೆ? ಜೇಬಿನಿಂದ ನಾಣ್ಯ ತೆಗೆದು ಸ್ತೂಪಕ್ಕೆ ಟಕ್ ಟಕ್ ಬಡಿದರು. ಲಾದಿ ಹಾಸುವವರ ಅಭ್ಯಾಸ ಅದು. ಹಾಸಿದ ಕಲ್ಲಿನ ಕೆಳಗೆ ಸಿಮೆಂಟಿನ ಮಾಲು ಸರಿಯಾಗಿ ತುಂಬದಿದ್ದರೆ ಪೊಳ್ಳು ಸದ್ದು ಬರುತ್ತದೆ, ಆ ಕಲ್ಲನ್ನು ಕಿತ್ತು ಮತ್ತೆ ಹಾಸಬೇಕು. ಮಾವ ಸ್ತೂಪಕ್ಕೆ ಒಂದು ಸುತ್ತು ಬಂದು ಎಲ್ಲ ಕಡೆ ಬಡಿದು, "ಒಟ್ಟs ಪೊಳ್ಳಿಲ್ಲ. ಬಾಗಲನೂ ಇಲ್ಲ. ಒಳಗ ಹೋಗೂದು ಹೆಂಗ?" ಎಂದರು. ಅಷ್ಟರಲ್ಲಿ ಕಾವಲಿನವನು ಕೂಗಿಕೊಂಡು ಬಂದ. ನಾದಿನಿ ಅವನ ಕೈ ಕಾಲು ಹಿಡಿಯುವಂತೆ ಮಾತಾಡಿ ಸಮಾಧಾನ ಮಾಡಿದಳು.

ಅಲ್ಲೇ ಒಬ್ಬ ಮೇಷ್ಟರು ಕಾಲೇಜು ಹುಡುಗರಿಗೆ ಮರಾಠಿಯಲ್ಲಿ ವಿವರಿಸುತ್ತಿದ್ದರು. ನಾವೂ ಅವರ ಹಿಂದೆ ನಿಂತೆವು. ಸ್ತೂಪದೊಳಗೆ ಯಾರೂ ಹೋಗುವುದಿಲ್ಲ, ಅದು ಗಟ್ಟಿ. ಅದನ್ನು ಬಲಕ್ಕಿಟ್ಟುಕೊಂಡು ಸುತ್ತು ಬರಬೇಕು. ಕೆಳಗೆ ದುಂಡನೆಯ ಕಟ್ಟೆ, ಅದರ ಮೇಲೆ ಗುಮ್ಮಟ, ಗುಮ್ಮಟದ ಮೇಲೆ ಚೌಕದ ಕಟಾಂಜನ, ಅದರ ಮೇಲೆ ಕೊಡೆ. ಇವನ್ನೆಲ್ಲ ಕೊರೆಸಲು ಹಣ ಕೊಟ್ಟವರಲ್ಲಿ ರಾಜರು ಕಡಿಮೆ, ವ್ಯಾಪಾರಿಗಳು, ಕಮ್ಮಾರರು, ಅಕ್ಕಸಾಲಿಗರು ಹೆಚ್ಚು. ಅವರಲ್ಲಿ ಕಲ್ಯಾಣದಿಂದ ಬಂದವರು ಬಹಳ ಜನ, ಕಲ್ಲಿನ ಮೇಲೆ ಊರ ಹೆಸರು ಬರೆದಿದೆ ಎಂದರು ಮೇಷ್ಟರು.

"ಕಲ್ಯಾಣ ಅಂದ್ರ ನಮ್ಮ ಕಲ್ಯಾಣನ?" ಮಾವ ನಾದಿನಿಯ ಕಡೆ ತಿರುಗಿದರು.

"ಹಾಂ ಪಪ್ಪಾ, ಅಪ್ನಾಹೀ ಕಲ್ಯಾಣ್."

ಮಾವನ ಮುಖ ನೋಡಬೇಕಿತ್ತು. ಯಾರೋ ಹತ್ತಿರದ ನೆಂಟರು ಸಿಕ್ಕ ಹಾಗೆ ಗುಹೆಯನ್ನೆಲ್ಲ ಮತ್ತೊಮ್ಮೆ ಸುತ್ತಿ ಬಂದರು. "ಆವಾಗ ಲೋಕಲ್ ಎಲ್ಲಿತ್ತು? ನಡಕೋತ ಬಂದಾರ ಪಾಪ, ನಮ್ಮ ಸ್ಟೇಷನ್ನಿನವರು!" ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ಕಾವಲಿನವನೂ ನಕ್ಕ.

ಅತ್ತೆ ಎಲ್ಲಿ ಎಂದು ನೋಡಿದರೆ, ಪಕ್ಕದ ಸಣ್ಣ ಗುಹೆಯ ಗೋಡೆಯ ಮೇಲೆ ಅಂಗೈ ಇಟ್ಟು ನಿಂತಿದ್ದರು. ಗೋಡೆಯ ತುಂಬ ಉಳಿಯ ಗೆರೆಗಳು, ಒಂದರ ಪಕ್ಕ ಒಂದು. "ಇಲ್ಲಿ ನೋಡ್ರಿ, ಟಾಕಿ. ಇಷ್ಟ ವರ್ಷ ಆತು, ಒಬ್ಬನೂ ಪಾಲಿಶ್ ಮಾಡಲಾಕ ಬಂದಿಲ್ಲ" ಎಂದು ಗಂಡನಿಗೆ ತೋರಿಸಿದರು. ಮಾವ ಕೇಳಿಸದವರಂತೆ ರೊಟ್ಟಿಯ ಗಂಟು ಬಿಚ್ಚಿದರು.

ಊಟಕ್ಕೆ ಕುಳಿತಾಗ ಮಾವ ಲೆಕ್ಕ ಹಾಕತೊಡಗಿದರು. ಗುಡ್ಡ ಕೊರೆಯುವುದು ನಮ್ಮಿಂದಾಗದ ಮಾತು, ಇಟ್ಟಿಗೆಯಲ್ಲಿ ಕಟ್ಟಿ ಮೇಲೆ ಮಾರ್ಬಲ್ ಮೆತ್ತೋಣ, ಕಟ್ಟಡದ ಸೈಟುಗಳಲ್ಲಿ ತುಂಡು ಸಿಗುತ್ತವೆ ಎಂದರು. ನನ್ನ ಬಾಯಿ ಮೊದಲೇ ಸ್ವಲ್ಪ ಜೋರು, ತಡೆಯಲಾಗಲಿಲ್ಲ. "ಮಾಮಾ, ಮಾರ್ಬಲ್ ಯಾಕ? ನಮ್ಮ ತವರಿನ ಕಡೆ ಸ್ತೂಪ ಕಟ್ಟಿದ್ದು ಫರಸಿ ಕಲ್ಲಿಂದನ" ಎಂದೆ.

ನನ್ನ ತವರು ಸನ್ನತಿಯ ಹತ್ತಿರ. ಹೊಳೆಯ ದಂಡೆಗೆ ಒಂದು ಮಣ್ಣಿನ ದಿಬ್ಬವಿತ್ತು. ಅದರ ಅಂಚಿಗೆ ಅರ್ಧ ಹೂತ ಚಪ್ಪಡಿಗಳು. ಎಮ್ಮೆಗಳು ಅವಕ್ಕೆ ಮೈ ತಿಕ್ಕುತ್ತಿದ್ದವು, ನಾವು ಹುಡುಗಿಯರು ಅವುಗಳ ಮೇಲೆ ಕುಂಟಾಬಿಲ್ಲೆ ಆಡುತ್ತಿದ್ದೆವು. ಒಂದು ಚಪ್ಪಡಿಯ ಮೇಲೆ ದೊಡ್ಡ ಕಮಲವಿತ್ತು. ಅದರ ನಡುವೆ ಒಂಟಿ ಕಾಲಲ್ಲಿ ನಿಂತವಳು ಗೆದ್ದ ಹಾಗೆ. ಈಚೆಗೆ ಸರಕಾರದವರು ಆ ದಿಬ್ಬ ಅಗೆಯತೊಡಗಿದ್ದರು. ಬಾಣಂತನಕ್ಕೆ ಹೋದಾಗ ನೋಡಿದೆ. ಮಣ್ಣು ತೊಳೆದು ಬಿಸಿಲಿಗೆ ಮಲಗಿಸಿದ ಚಪ್ಪಡಿಗಳ ತುಂಬ ಎತ್ತಿನ ಗಾಡಿ, ಕುದುರೆ, ಮಾಳಿಗೆ ಮನೆ, ಬಳೆ ತೊಟ್ಟ ಹೆಂಗಸರು, ಸ್ತೂಪಕ್ಕೆ ಕೈ ಮುಗಿದ ಜನ. ದಿಬ್ಬವೆಂದು ನಾವು ಹತ್ತಿ ಇಳಿದದ್ದೇ ಸ್ತೂಪವಾಗಿತ್ತು. ಕಲ್ಲು ಮಾತ್ರ ಅದೇ, ಹಸಿರು ಬೂದು ಬಣ್ಣದ, ನೀರು ಬಿದ್ದರೆ ಕಪ್ಪಾಗುವ, ಮಾವ ದಿನವೂ ಹೊರುವ ಕಲ್ಲು.

ಮಾವ ಕೈಯ ತುತ್ತು ಕೈಯಲ್ಲೇ ಹಿಡಿದು ಕೇಳಿದರು. "ಫರಸಿ ಮ್ಯಾಲ? ಕಾಲಾಗ ಹಾಸೂ ಕಲ್ಲಿನ ಮ್ಯಾಲ ಬುದ್ಧನ್ನ ಕೊರದಾರ?"

"ಖರೇನ ಹೇಳಾಕತ್ತೀನಿ ಮಾಮಾ."

ಅವರು ಕೈಯ ತುತ್ತನ್ನು ಮತ್ತೆ ಡಬ್ಬಿಗೆ ಇಟ್ಟರು. ಆ ಕಾಲಕ್ಕೆ ಡೊಂಬಿವಲಿಯ ಫ್ಲ್ಯಾಟಿನವರು ಅಡುಗೆ ಮನೆಯ ಶಹಾಬಾದ್ ಕಿತ್ತೆಸೆದು ಹೊಳೆಯುವ ಟೈಲ್ಸ್ ಹಾಕಿಸುತ್ತಿದ್ದರು. ಬಡವರ ಕಲ್ಲು ಎಂಬ ಮಾತು ಮಾವನ ಕಿವಿಗೆ ದಿನವೂ ಬೀಳುತ್ತಿತ್ತು. ಕೊನೆಗೆ "ಹಂಗಾರ ಫರಸೀನ" ಎಂದರು.

ಅತ್ತೆ ಮಾತ್ರ ನನ್ನ ಹತ್ತಿರ ಸರಿದು, "ಆ ಕಮಲಕ್ಕ ಎಸಳು ಎಷ್ಟಿದ್ವು?" ಎಂದು ಕೇಳಿದರು. ಎಣಿಸಿದವರು ಯಾರು? ಒಂದರ ಸುತ್ತ ಒಂದು ಇದ್ದವು ಎಂದೆ. "ನಮ್ಮ ಸ್ತೂಪಕ್ಕೂ ಮುಂದ ಒಂದ ಹೂವ ಬೇಕು. ನಾ ಹಾಕ್ತೀನಿ" ಎಂದರು ಅತ್ತೆ.

ನಾದಿನಿಯ ಮುಖ ಸಣ್ಣದಾಯಿತು. "ಮಮ್ಮಿ, ವೋ ಪಾಟೇವಾಲಾ ಫೂಲ್ ಮತ್ ಡಾಲೋ. ಉನ್ ಲೋಗೋಂಕೋ ಸಬ್ ಪತಾ ಚಲ್ ಜಾಯೇಗಾ."

ಆ ಪಾಟಾದ ಹೂವು ಹಾಕಬೇಡ, ಅವರಿಗೆಲ್ಲ ಗೊತ್ತಾಗುತ್ತದೆ. ಅತ್ತೆ ಮಗಳ ಮುಖವನ್ನೇ ನೋಡಿದರು. ಬೈಯಲಿಲ್ಲ, ಅಳಲಿಲ್ಲ. "ಪಾಟಾದ್ದಲ್ಲ ಬಿಡು, ಕಮಲ ಹಾಕ್ತೀನಿ" ಎಂದಷ್ಟೇ ಹೇಳಿ ಡಬ್ಬಿ ತೊಳೆಯಲು ಎದ್ದರು. ನನಗೆ ನಾದಿನಿಯ ಕೆನ್ನೆಗೊಂದು ಕೊಡಬೇಕೆನಿಸಿತು. ಕೊಡಲಿಲ್ಲ, ಅವಳೂ ಹೆದರಿದ ಹುಡುಗಿ.

ಆ ಬೇಸಿಗೆ ನಮ್ಮ ಓಣಿಗೆ ಬಂದ ಸಂಭ್ರಮವನ್ನು ನಾನು ಮತ್ತೆ ಕಂಡಿಲ್ಲ. ವಿಹಾರದ ಕೋಣೆಯ ಮುಂದಿನ ಜಾಗದಲ್ಲಿ ಗಂಡಸರು ಕೆಲಸ ಮುಗಿಸಿ ಬಂದು ದುಂಡನೆಯ ಕಟ್ಟೆ ಎಬ್ಬಿಸಿದರು. ಅದರ ಮೇಲೆ ಇಟ್ಟಿಗೆ ಚೂರು, ಕಲ್ಲು, ಸಿಮೆಂಟು ತುಂಬಿ ಗುಮ್ಮಟ ಮಾಡಿದರು. ಒಳಗೆ ಪೊಳ್ಳು ಇರಬಾರದೆಂದು ಮಾವನ ಕಟ್ಟಾಜ್ಞೆ. ತುಂಬುವಾಗ ಯಾರು ಯಾರು ಏನೇನು ಹಾಕಿದರೋ ಬುದ್ಧನಿಗೇ ಗೊತ್ತು. ಒಬ್ಬಳು ಒಡೆದ ಹಸಿರು ಬಳೆ ಹಾಕಿದಳು, ಮಕ್ಕಳು ಗೋಲಿ ಹಾಕಿದರು.

ತೊಡಕು ಬಂದದ್ದು ಫರಸಿ ಮೆತ್ತುವಾಗ. ಮಾವ ಚೌಕದ ದೊಡ್ಡ ಕಲ್ಲುಗಳನ್ನು ತಂದು ಗುಮ್ಮಟದ ಮೇಲೆ ಕೂರಿಸಿದರು. ಚಪ್ಪಟೆ ಕಲ್ಲು ಗುಂಡನೆಯ ಬೆನ್ನಿನ ಮೇಲೆ ಕೂರುತ್ತದೆಯೇ? ಮೂಲೆಗಳೆಲ್ಲ ಹೊರಗೆ ಚಾಚಿ, ಸ್ತೂಪ ಹೋಗಿ ಹಲಸಿನಹಣ್ಣಾಯಿತು. ಜೀವನವಿಡೀ ಮಟ್ಟ ನೋಡಿಕೊಂಡು ನೆಲ ಹಾಸಿದವರು ಮಾವ, ಡುಬ್ಬ ಅವರಿಗೆ ಹೊಸದು. ಸಣ್ಣ ಚೂರು ಮಾಡಿ ಮೆತ್ತಬೇಕೆಂದು ಎಲ್ಲರಿಗೂ ಹೊಳೆಯಿತು, ಆದರೆ ಇಡೀ ಲಾದಿಯನ್ನು ಬೇಕೆಂತಲೇ ಒಡೆಯಲು ಅವರ ಕೈ ಏಳಲಿಲ್ಲ. ಆಗ ನನಗೆ ನೆನಪಾದದ್ದು, ಫ್ಲ್ಯಾಟಿನವರು ಕಿತ್ತು ರಸ್ತೆ ಬದಿ ಸುರಿಯುತ್ತಿದ್ದ ಹಳೆಯ ಶಹಾಬಾದ್ ಚೂರುಗಳು.

ಹೆಂಗಸರೆಲ್ಲ ಗೋಣಿಚೀಲ ಹಿಡಿದು ಹೊರಟೆವು. ನೌಪಾಡಾದ ಒಂದು ಹೋಟೆಲಿನ ಅಡುಗೆ ಮನೆಯನ್ನೂ ಕೀಳುತ್ತಿದ್ದರು. ಹಿಂದೆ ಅಲ್ಲಿ ಲಾದಿ ಹಾಸಿದ್ದು ಮಾವನೇ. ಹೋಟೆಲಿನ ಯಜಮಾನರು ಕರಾವಳಿಯ ಕಡೆಯವರು, ಸೊಂಟದ ಮೇಲೆ ಕೈಯಿಟ್ಟು ನಿಂತು, "ಅಲ್ಲ ಮಾರಾಯ್ತಿ, ಈ ಒಡೆದ ಕಲ್ಲು ತಕೊಂಡು ನೀವು ಎಂತ ಮಾಡ್ತೀರಿ?" ಎಂದು ಕೇಳಿದರು. ಸ್ತೂಪ ಎಂದೆವು. "ಓ, ದೇವರ ಕೆಲಸಕ್ಕಾ? ಹಾಗಾದ್ರೆ ನಿಲ್ಲಿ ಮಾರಾಯ್ರೆ, ಎಣ್ಣೆ ಜಿಡ್ಡು ಉಂಟು, ತೊಳೆದು ಕೊಡ್ತೇವೆ" ಎಂದು ಹುಡುಗರನ್ನು ಕರೆದು, ತಾವೂ ಪಂಚೆ ಎತ್ತಿ ಕಟ್ಟಿ ಬಿಸಿನೀರು ಸೋಡಾ ಹಾಕಿ ಚೂರು ಚೂರನ್ನೂ ತಿಕ್ಕಿಸಿದರು.

ಚೀಲ ಸುರಿದಾಗ ಮಾವ ಒಂದೊಂದನ್ನೇ ಎತ್ತಿ ನೋಡಿದರು. ಜನರ ಕಾಲು ಆಡಿ ಆಡಿ ಸವೆದ ಕಲ್ಲುಗಳು. ಇದು ಹೋಟೆಲಿನದು, ಇದು ಡೊಂಬಿವಲಿಯ ಡಾಕ್ಟರ ಮನೆಯದು, ಇದನ್ನು ಹಾಸಿದಾಗ ನಿನ್ನ ಗಂಡ ಇನ್ನೂ ಅಂಬೆಗಾಲಿಕ್ಕುತ್ತಿದ್ದ ಎಂದೆಲ್ಲ ಹೇಳುತ್ತ ಹೋದರು. ತಾವು ಹಾಸಿದ್ದನ್ನೆಲ್ಲ ಜನ ತುಳಿದು ಮರೆತರೆಂದು ತಿಳಿದಿದ್ದವರಿಗೆ ಅವೆಲ್ಲ ವಾಪಸು ಬಂದಿದ್ದವು. ಚೂರುಗಳು ಗುಮ್ಮಟದ ಮೇಲೆ ಚೆಂದವಾಗಿ ಕೂತವು. ಕೊಡೆಗೆ ಏನು ಮಾಡುವುದು ಎಂದು ತಲೆ ಕೆಡಿಸಿಕೊಂಡಾಗ ನನ್ನ ಗಂಡ ಸೈಟಿನಿಂದ ಮೂರು ಮಾರ್ಬಲ್ ಬಿಲ್ಲೆ ತಂದರು. ವಾಷ್‌ಬೇಸಿನ್ ಕೂರಿಸಲು ಕಟ್ಟೆಯಲ್ಲಿ ಕೊರೆದು ತೆಗೆದ ಬಿಲ್ಲೆಗಳು, ದೊಡ್ಡದು, ನಡುವಿನದು, ಸಣ್ಣದು. ಒಂದರ ಮೇಲೊಂದು ಕಬ್ಬಿಣದ ಸಲಾಕೆಗೆ ಪೋಣಿಸಿದೆವು. ಮಾರ್ಬಲ್ ಹಾಕಬೇಕೆಂಬ ಮಾವನ ಆಸೆಯೂ ಹಾಗೆ ತೀರಿತು.

ಇನ್ನು ಉಳಿದದ್ದು ಕಟ್ಟೆಯ ಸುತ್ತ ನಿಲ್ಲಿಸುವ ಚಪ್ಪಡಿಗಳು. ಅದರಲ್ಲಿ ಎದುರಿನದು ಅತ್ತೆಗೆ ಬಿಟ್ಟಿದ್ದು. ಅವರು ಟ್ರಂಕಿನಿಂದ ಚೀಲ ತೆಗೆದರು. ಉಳಿಗಳಿಗೆ ತುಕ್ಕು ಹಿಡಿದಿತ್ತು, ಕಲ್ಲಿಗೆ ಮಸೆದು ಹರಿತ ಮಾಡಿಕೊಂಡರು. ನಾದಿನಿ ಕಂಪನಿಗೆ ಹೋದ ಹೊತ್ತಿನಲ್ಲಿ ಕೂತು ಕುಟ್ಟಿದರು. ಕಮಲ ಎಂದಿದ್ದರಲ್ಲ, ದೊಡ್ಡದಾಗಿಯೇ ಇತ್ತು, ಒಂದರ ಸುತ್ತ ಒಂದು ದಳ. ಆದರೆ ಕೈ ಕಲಿತದ್ದು ಎಲ್ಲಿ ಬಿಡುತ್ತದೆ? ನಡುವೆ ಅದೇ ಪಾಟಾದ ಹೂವು, ಎಂಟು ದಳ, ಒಂದು ಗುಂಡು. "ಇದ ನನ್ನ ಕಡೀ ಟಾಕಿ. ಇದರ ಮ್ಯಾಲರ ಯಾರೂ ಖಾರ ಅರೆಯಂಗಿಲ್ಲ" ಎಂದು ನನಗೆ ಹೇಳಿ ನಕ್ಕರು. ನಗುವಾಗ ಕಣ್ಣು ಒರೆಸಿಕೊಂಡರು.

ಮದುವೆಯ ಹಿಂದಿನ ಸಂಜೆ ಮಾವ ಸೈಟಿನಿಂದ ಪಾಲಿಶ್ ಮಷೀನು ತಂದರು. ಚಪ್ಪಡಿಗಳೆಲ್ಲ ನಲ್ಲಿಯ ಹತ್ತಿರ ಸಾಲಾಗಿ ಮಲಗಿದ್ದವು. ಎದುರಿನ ಚಪ್ಪಡಿಯೂ ಅಲ್ಲೇ ಇತ್ತು, ಮೇಲೆ ಕಲ್ಲಿನ ಪುಡಿ ಕೂತು ಎಲ್ಲವೂ ಒಂದೇ ಬಣ್ಣ. ನೀರು ಬಿಟ್ಟು ಮಷೀನು ಹಚ್ಚಿ ಮಾವ ಒಂದು ತುದಿಯಿಂದ ಹೊರಟರು. ಮಗಳ ಮದುವೆಯ ಖುಷಿ, ನಾಳೆ ಬೀಗರ ಮುಂದೆ ಹೊಳೆಯಬೇಕೆಂಬ ಹುರುಪು. ನಡುವೆ ಒಂದು ಕಲ್ಲು ಮಷೀನಿನ ಕೆಳಗೆ ತಡೆತಡೆದು ಓಡಿತು. ಒರಟು ಎನಿಸಿದ ಕಡೆ ಪಾಲಿಶಿನವರು ಮಾಡುವುದನ್ನೇ ಅವರೂ ಮಾಡಿದರು, ಇನ್ನಷ್ಟು ಒತ್ತಿ ಹಿಡಿದರು.

ಕೊನೆಗೆ ಒಂದು ಬಕೆಟ್ ನೀರು ಸುರಿದಾಗ ಚಪ್ಪಡಿಗಳೆಲ್ಲ ಕನ್ನಡಿಯಂತೆ ಹೊಳೆದವು. ಎದುರಿನ ಚಪ್ಪಡಿಯ ಮೇಲೆ ಹೂವಿರಲಿಲ್ಲ. ಮೂಲೆಯಲ್ಲಿ ಅರ್ಧ ದಳ ಉಳಿದಿತ್ತು.

ಮಾವ ಬಕೆಟ್ ಹಿಡಿದೇ ನಿಂತರು. ಅತ್ತೆ ಬಂದು ನೋಡಿದರು. ಓಣಿಯವರೆಲ್ಲ ದೊಡ್ಡ ಜಗಳಕ್ಕೆ ತಯಾರಾದೆವು. ಅತ್ತೆ ಒಳಗೆ ಹೋಗಿ ರೊಟ್ಟಿಗೆ ಹಿಟ್ಟು ನಾದತೊಡಗಿದರು. ಅವರು ಬೈದಿದ್ದರೆ ನಮಗೆ ಎಷ್ಟೋ ಹಗುರಾಗುತ್ತಿತ್ತು. "ಅಚ್ಛಾ ಹೀ ಹುಆ", ಒಳ್ಳೆಯದೇ ಆಯಿತು ಎಂದು ಯಾರಾದರೂ ಹೇಳಬಹುದಿತ್ತಾದರೆ ಅದು ನಾದಿನಿ. ಅವಳೂ ಹೇಳಲಿಲ್ಲ. ಆ ಹೊಳೆಯುವ ಕಲ್ಲನ್ನು ನೋಡುತ್ತ ಮೆಹಂದಿ ಹಚ್ಚಿದ ಕೈ ಎತ್ತಿ ಹಿಡಿದು ಕೂತಿದ್ದಳು.

ಬೆಳಿಗ್ಗೆ ನಾನು ಎದ್ದಾಗ ಚಪ್ಪಡಿಗಳನ್ನೆಲ್ಲ ಕಟ್ಟೆಗೆ ನಿಲ್ಲಿಸಿ ಆಗಿತ್ತು. ಸ್ತೂಪದ ಮುಂದೆ ಮಾವ ಒಂದು ಗೋಣಿಚೀಲ ಹಾಸಿ, ಅದರ ಮೇಲೆ ಉಳಿ ಸುತ್ತಿಗೆ ಜೋಡಿಸಿ ಇಟ್ಟಿದ್ದರು. ಹೊಸ ಸೀರೆ ಉಟ್ಟು ಹೊರಗೆ ಬಂದ ಅತ್ತೆಯ ಮುಂದೆ ನಿಂತು, ಅವರ ಮುಖ ನೋಡಲಾರದೆ ಕಲ್ಲಿನ ಕಡೆ ನೋಡುತ್ತ ಹೇಳಿದರು.

"ಅವರ ಗಾಡಿ ಬರಲಾಕ ಇನ್ನೂ ಟೈಮ್ ಅದ. ಕುಟ್ಟು."

"ಈ ಸೀರ್ಯಾಗ?"

"ಅದಕ್ಕs ಚೀಲ ಹಾಸೀನಿ."

ಅತ್ತೆ ಕೂತರು. ಟಕ್ ಟಕ್ ಶುರುವಾಯಿತು. ದೊಡ್ಡ ಕಮಲಕ್ಕೆ ಹೊತ್ತಿರಲಿಲ್ಲ, ನೇರ ಪಾಟಾದ ಹೂವಿಗೇ ಕೈ ಹಚ್ಚಿದರು. ಬೀಗರು ಹೇಳಿದ ಹೊತ್ತಿಗೆ ಬರುವುದು ಎಲ್ಲಾದರೂ ಉಂಟೇ? ಅಂದು ಬಂದರು, ಅದೂ ಮೊದಲೇ. ಟೆಂಪೋ ಓಣಿಯ ಬಾಯಲ್ಲಿ ನಿಂತಾಗ ಅತ್ತೆ ಇನ್ನೂ ಐದನೆಯ ದಳದಲ್ಲಿದ್ದರು. ನಾನು "ಅತ್ತೀ, ಬಂದ್ರು" ಎಂದೆ. ಅವರು ಉಳಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಏಳಲು ಹೋದರು.

"ಥಾಂಬಾ, ಥಾಂಬಾ!"

ನಿಲ್ಲಿ ಎಂದು ಕೂಗುತ್ತ ಎಲ್ಲರಿಗಿಂತ ಮುಂದೆ ಬಂದವರು ಬೀಗಿತ್ತಿ. ಬಂದವರೇ ಜರಿಯ ಸೀರೆಯಲ್ಲೇ ಅತ್ತೆಯ ಪಕ್ಕ ಕುಕ್ಕರುಗಾಲಲ್ಲಿ ಕೂತು, ಅರ್ಧ ಹೂವಿನ ಮೇಲೆ ಬೆರಳಾಡಿಸಿದರು. ಮರಾಠಿಯಲ್ಲಿ ಅವರು ಹೇಳಿದ್ದು ನನಗೆ ಇವತ್ತಿಗೂ ನೆನಪಿದೆ. ನೀವು ನನ್ನ ಅಡುಗೆ ಮನೆಗೆ ಬಂದು ಪಾಟಾಕ್ಕೆ ಬೆನ್ನು ಕೊಟ್ಟು ಕುಳಿತ ದಿನವೇ ನಾನು ಗುರುತು ಹಿಡಿದೆ. ನೀವು ಮಾತಾಡಲಿಲ್ಲ, ಹಾಗಾಗಿ ನಾನೂ ಮಾತಾಡಲಿಲ್ಲ. ನೀವು ಬರುವುದು ನಿಂತ ಮೇಲೆ ಆ ಪಾಟಾಕ್ಕೆ ಬೇರೆಯವರಿಂದ ಟಾಕಿ ಹಾಕಿಸಲಿಲ್ಲ, ಹೂವು ಹೋಗಿಬಿಡುತ್ತದೆ ಅಂತ.

ಅತ್ತೆ ಸೆರಗಿನಿಂದ ಉಳಿ ಹೊರಗೆ ತೆಗೆದರು. ಹುಡುಗನ ದೊಡ್ಡಪ್ಪ ಸ್ತೂಪದ ಸುತ್ತ ಒಂದು ಸುತ್ತು ಬಂದು, ಕೊಡೆಯ ಕಡೆ ತಲೆಯೆತ್ತಿ, "ಏ ಕಬ್ ಕಾ ಹೈ?" ಎಂದು ಕೇಳಿದರು, ಇದು ಯಾವ ಕಾಲದ್ದು ಅಂತ. ಗುಮ್ಮಟದ ಚೂರುಗಳು ಅಷ್ಟು ಸವೆದಿದ್ದವು. ಮಾವ ಮೀಸೆ ತಿರುವಿ "ಪುರಾನಾ ಹೈ" ಎಂದರು. ಅದು ಪೂರ್ತಿ ಸುಳ್ಳೂ ಆಗಿರಲಿಲ್ಲ.

"ಫೂಲ್ ಪೂರ್ಣ ಕರಾ," ಹೂವು ಮುಗಿಸಿ, ನಾವು ಕಾಯುತ್ತೇವೆ ಎಂದರು ಬೀಗಿತ್ತಿ. ಮದುವೆಗೆ ಬಂದವರೆಲ್ಲ ಹಾಗೆಯೇ ಸುತ್ತ ನಿಂತರು. ಬೌದ್ಧ ಮದುವೆಯ ಬಿಳಿ ಸೀರೆ ಉಟ್ಟ ನಾದಿನಿ ವಿಹಾರದ ಬಾಗಿಲಿಗೆ ಬಂದಳು. ಅವಳು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಜನರ ನಡುವೆ ದಾರಿ ಮಾಡಿಕೊಂಡು ಬಂದು ತಾಯಿಯ ಬೆನ್ನ ಹಿಂದೆ ನಿಂತಳು. ಅತ್ತೆ ತಿರುಗಿ ನೋಡಿದರು, ಬೈಸಿಕೊಳ್ಳಲು ಕಾದವರಂತೆ.

"ಯವ್ವಾ," ಎಂದಳು ನಾದಿನಿ. ನಾನು ಆ ಮನೆಗೆ ಬಂದ ಮೇಲೆ ಅವಳ ಬಾಯಲ್ಲಿ ಮಮ್ಮಿ ಬಿಟ್ಟು ಬೇರೆ ಕೇಳಿರಲಿಲ್ಲ. "ಯವ್ವಾ, ನನಗೂ ಒಂದ ಪಾಟಾ ಬೇಕು. ಇದs ಹೂವ ಹಾಕಿ ಕೊಡು."

ಅತ್ತೆ ಆಗಲೂ ಮಾತು ಬಿಟ್ಟುಕೊಡಲಿಲ್ಲ. "ನಿನಗ ಮಿಕ್ಸರ್ ಕೊಡಿಸೀವಲ್ಲ?"

"ಮಿಕ್ಸರ್‌ಗೆ ಹೂವ ಹಾಕಲಾಕ ಬರ್ತದೇನು?"

ಓಣಿಯೆಲ್ಲ ನಕ್ಕಿತು. ಕನ್ನಡ ಬಾರದ ಬೀಗರೂ ನಕ್ಕರು. ಅತ್ತೆ ರೆಪ್ಪೆಯ ಮೇಲೆ ಕಲ್ಲಿನ ಪುಡಿ ಹೊತ್ತುಕೊಂಡು, ಅಳುತ್ತ ನಗುತ್ತ ಎಂಟನೆಯ ದಳ ಮುಗಿಸಿ, ನಡುವೆ ಗುಂಡು ಹೊಡೆದರು. ಪುಡಿ ಒರೆಸಬೇಕೆಂದು ಮಾವನ ಕೈ ಹೆಗಲ ಮೇಲಿನ ಪಾಲಿಶ್ ಬಟ್ಟೆಗೆ ಹೋಯಿತು. ಅತ್ತೆ ಒಮ್ಮೆ ನೋಡಿದರು. ಮಾವ ಕೈ ಹಿಂದೆ ತೆಗೆದುಕೊಂಡು, ಬಗ್ಗಿ, ಬಾಯಿಂದ ಮೆಲ್ಲಗೆ ಊದಿದರು.